ಎಡಗೈಯ ಗಂಟು

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಾನು ಮನಸ್ಸಿನಲ್ಲೇ ನಗುತ್ತಿದ್ದೆ. ಈಗ ನನ್ನದೇ ಒಂದನ್ನು ಬರೆಯುತ್ತಿದ್ದೇನೆ. ನೀವು ನಕ್ಕರೆ ಬೇಸರವಿಲ್ಲ.

ನನ್ನ ಮೈದುನ ಸುಧಾಕರ ಗಲ್ಫ್‌ನಲ್ಲಿ ವಿಮಾನ ರಿಪೇರಿ ಮಾಡುತ್ತಿದ್ದವನು. ಊರಿಗೆ ಬಂದ ಮೇಲೆ ಬೆಳ್ಮಣ್‌ನ ನಮ್ಮ ಮನೆಯ ಹಿಂದೆ ತಗಡಿನ ಶೆಡ್ಡು ಹಾಕಿ, ಒಬ್ಬರೇ ಕೂರುವ ಪುಟ್ಟ ವಿಮಾನವೊಂದನ್ನು ತಾನೇ ಕಟ್ಟಿದ. ಅದರ ರೆಕ್ಕೆಗೆ ಬಟ್ಟೆ ಹೊದಿಸಿ, ಒಳಗಿನ ಮರದ ಪಟ್ಟಿಗಳಿಗೆ ಸೇರಿಸಿ ಸೂಜಿಯಲ್ಲಿ ಹೊಲಿಯಬೇಕು. ಆ ಕೆಲಸ ನನಗೆ ಬಂತು. ನಾನು ಎಡಚಿ. ಕಾನ್ವೆಂಟಿನಲ್ಲಿ ಸಿಸ್ಟರ್ ಬರೆಯುವುದಕ್ಕೆ ಬಲಗೈ ಅಭ್ಯಾಸ ಮಾಡಿಸಿದರೂ ಹೊಲಿಗೆಯನ್ನು ಎಡಗೈಗೇ ಬಿಟ್ಟಿದ್ದರು. ಪ್ರತಿ ಗಂಟಿಗೂ ದಾರವನ್ನು ಎಡಕ್ಕೆ ಜಗ್ಗಿ ಬಿಗಿಯುತ್ತಿದ್ದೆ. ಇಷ್ಟು ಗಟ್ಟಿ ಸಾಕೋ ಎಂದು ನನ್ನ ಗಂಡ ಅನುಮಾನಿಸಿದಾಗ ಸುಧಾಕರ ನಕ್ಕ. "ಅತ್ತಿಗೆ ಹಾಕಿದ ಗುಂಡಿ ಅಂಗಿ ಹರಿದರೂ ಬೀಳುವುದಿಲ್ಲ ಅಣ್ಣ."

ಅನುಮತಿ ಸಿಕ್ಕಿದ ಮೇಲೆ, ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ, ಕಾರ್ಕಳದ ಕಡೆಯ ಒಂದು ಬಯಲಿನಲ್ಲಿ ಅದನ್ನು ಮೊದಲ ಸಲ ಹಾರಿಸಿದ. ಗಾಳಿ ಇರಲಿಲ್ಲ, ಒಣ ಮುಳಿಹುಲ್ಲು ಕೂಡ ಅಲುಗುತ್ತಿರಲಿಲ್ಲ. ವಿಮಾನ ತೆಂಗಿನಮರದೆತ್ತರಕ್ಕೆ ಏರಿತು. ನನ್ನ ಎಡಗೈಯಲ್ಲಿ ಚಹಾದ ಲೋಟ. ಇದ್ದಕ್ಕಿದ್ದಂತೆ ಆ ಕೈ, ಗಂಟು ಬಿಗಿಯುವಾಗಿನ ಹಾಗೆಯೇ, ಎಡಕ್ಕೆ ಜಗ್ಗಿತು. ನಾನಾಗಿ ಜಗ್ಗಿದ್ದಲ್ಲ. ಚಹಾ ಸೀರೆಗೆ ಚೆಲ್ಲಿತು. ಎಂತ ಆಯಿತೆಂದು ಗಂಡ ನನ್ನ ಕಡೆ ತಿರುಗಿದರು. ಆಮೇಲೆ, ಆಮೇಲೆಯೇ, ವಿಮಾನದ ಎಡರೆಕ್ಕೆ ವಾಲಿತು. ಮಗುಚಿಕೊಂಡು ಹುಲ್ಲಿಗೆ ಬಿತ್ತು. ನನ್ನ ಸೀರೆ ನೋಡುತ್ತಿದ್ದ ಗಂಡ ಅದನ್ನು ಕಾಣಲೇ ಇಲ್ಲ. ಸದ್ದು ಮಾತ್ರ ಕೇಳಿದರು.

ಸುಧಾಕರ ಬದುಕಿದ. ಮಣಿಪಾಲದ ಆಸ್ಪತ್ರೆಯಲ್ಲಿ ಎರಡು ತಿಂಗಳು ಮಲಗಿದ. ವಿಮಾನದ ಪರೀಕ್ಷೆಗೆ ಬಂದ ಅಧಿಕಾರಿಗಳು ಇಂಜಿನ್, ತಂತಿ, ಕೀಲುಗಳನ್ನೆಲ್ಲ ಬಿಚ್ಚಿ ನೋಡಿದರು. ನನ್ನ ಗಂಟುಗಳನ್ನು ಒಂದೊಂದಾಗಿ ಎಳೆದು ನೋಡಿದರು. ಒಂದೂ ಬಿಚ್ಚಿಕೊಂಡಿರಲಿಲ್ಲ. ಕಾರಣ ತಿಳಿಯಲಿಲ್ಲವೆಂದು ಬರೆದು ಹೋದರು.

"ಎಡಬದಿಯಿಂದ ಯಾರೋ ಎಳೆದ ಹಾಗಾಯಿತು ಅತ್ತಿಗೆ," ಎಂದ ಸುಧಾಕರ, ಹಾಸಿಗೆಯಲ್ಲಿ ಮಲಗಿಕೊಂಡೇ. ನಾನು ಕಿತ್ತಳೆ ಸುಲಿಯುತ್ತಿದ್ದೆ. ನನ್ನ ಕೈ ಜಗ್ಗಿದ್ದನ್ನು ಅವನಿಗೆ ಇಂದಿಗೂ ಹೇಳಿಲ್ಲ.

ಈಗ ಅವನು ಹೊಸ ರೆಕ್ಕೆ ಕಟ್ಟಿ ಬಟ್ಟೆ ತಂದಿದ್ದಾನೆ. ಹೊಲಿಯಲಾರೆ ಎನ್ನಲು ಎಂತ ಕಾರಣ ಕೊಡಲಿ? ಒಂದು ವಾರದಿಂದ ಬಲಗೈಯಲ್ಲಿ ಹೊಲಿಯುತ್ತಿದ್ದೆ. ಇವತ್ತು ಬಂದವನು ಗಂಟುಗಳ ಮೇಲೆ ಬೆರಳಾಡಿಸಿದ.

"ಇದೆಂತ ಅತ್ತಿಗೆ, ಸಡಿಲ ಉಂಟಲ್ವಾ? ಬಿಚ್ಚಿ, ನಿಮ್ಮ ಎಡಗೈಯಲ್ಲೇ ಹಾಕಿ. ನನಗೆ ಅದೇ ಧೈರ್ಯ."

ಅವನು ಹೇಳಿದ್ದು ಸರಿ, ಸಡಿಲವೇ ಇತ್ತು. ಎಲ್ಲವನ್ನೂ ಬಿಚ್ಚಿದ್ದೇನೆ. ಸೂಜಿಗೆ ದಾರ ಪೋಣಿಸಿಕೊಂಡು ಆಗಿನಿಂದ ಕುಳಿತಿದ್ದೇನೆ. ಯಾವ ಕೈಗೆ ಕೊಡಲಿ ಎಂದು ತಿಳಿಯುತ್ತಿಲ್ಲ.