ಇಬ್ಬರು ಅಕ್ಕಂದಿರ ಮನೆ

ಆ ಬೀದಿಯವರು ಒಂದು ಮಾತು ಹೇಳುತ್ತಿದ್ದರು: ಮೂಲೆಮನೆಯಲ್ಲಿ ಇಬ್ಬರು ಅಕ್ಕಂದಿರಿದ್ದಾರೆ, ಒಬ್ಬಳ ಬಾಯಿ ಮುಚ್ಚುವುದಿಲ್ಲ, ಇನ್ನೊಬ್ಬಳು ಬಾಯಿ ಬಿಡದೆ ಗುಂಯ್ ಎನ್ನುತ್ತಾಳೆ.

ಬಾಯಿ ಮುಚ್ಚದವಳೇ ನಮ್ಮ ಕಥೆಯ ಅಕ್ಕ. ಮದುವೆ ಕೂಡಿಬರಲಿಲ್ಲ, ಅದಕ್ಕಾಗಿ ಅವಳೇನೂ ಹಾಸಿಗೆ ಹಿಡಿಯಲಿಲ್ಲ. ಅವಳ ತಮ್ಮನೊಬ್ಬ, ಕಟ್ಟಡಗಳ ನಕ್ಷೆ ಮಾಡುವ ಎಂಜಿನಿಯರ್. ಹೆಂಡತಿಯ ಜೊತೆ ಬೇರೆ ಮನೆ ಹೂಡಿದ ಮೇಲೂ ಆಫೀಸನ್ನು ಅಕ್ಕನ ಮನೆಯ ಮುಂದಿನ ಎರಡು ಕೋಣೆಗಳಲ್ಲೇ ಉಳಿಸಿಕೊಂಡಿದ್ದ. ಗುಂಯ್ ಎನ್ನುವ ಅಕ್ಕ ಒಂದು ಹಳೆಯ ಕಂಪ್ಯೂಟರ್. ಆಫೀಸಿನ ನಕ್ಷೆಗಳೆಲ್ಲ ಅದರ ಹೊಟ್ಟೆಯೊಳಗೆ. ಮುಂದೆ ಜಾಗ ಸಾಲದೆ ಅದನ್ನು ಅಕ್ಕ ಮಲಗುವ ಕೋಣೆಯಲ್ಲಿ ಕೂರಿಸಿದ್ದರು. ಹೀಗಾಗಿ ಅದಕ್ಕೂ ಅವಳ ಹೆಸರೇ ಅಂಟಿಕೊಂಡಿತು. ನಕ್ಷೆ ಬೇಕಾದರೆ ‘ಅಕ್ಕನ್ನ ಕೇಳು’, ಯಂತ್ರ ಮೊಂಡು ಹಿಡಿದರೆ ‘ಅಕ್ಕ ಮುನಿಸ್ಕೊಂಡಿದ್ದಾಳೆ’.

ಒಂದು ದಿನ ಹೊಸ್ತಿಲಲ್ಲಿ ನಿಂತು ತಮ್ಮ, ಅಕ್ಕನಿಗೆ ವಯಸ್ಸಾಯಿತು, ಇನ್ನು ಇಟ್ಟುಕೊಂಡು ಪ್ರಯೋಜನವಿಲ್ಲ ಎಂದು ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದ. ಎದುರುಮನೆಯಾಕೆ ಅದನ್ನು ಕೇಳಿಸಿಕೊಂಡು, ಅವನು ಅತ್ತ ಹೋದದ್ದೇ ಇತ್ತ ಕಣ್ಣೊರೆಸಿಕೊಳ್ಳುತ್ತ ಸಮಾಧಾನ ಹೇಳಲು ಬಂದಳು. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ಮುಗಿದ ಮೇಲೆ ಮಾತ್ರ ಯೋಚನೆ ಹತ್ತಿತು. ಆ ಯಂತ್ರ ಇಲ್ಲಿದೆ ಎಂದೇ ಅಲ್ಲವೆ ಜನ ಇಲ್ಲಿಗೆ ಬರುವುದು? ಬೆಳಗಾದರೆ ಬಾಗಿಲಲ್ಲಿ ಚಪ್ಪಲಿ, ಒಳಗೆ ಮಾತು, ಜಗಳ, ಚಹಾದ ಲೋಟಗಳ ಸದ್ದು. ಸಂಜೆ ಎಲ್ಲರೂ ಹೊರಟುಹೋದರೆ ಅವಳೂ ಆ ಗುಂಯ್ ಸದ್ದೂ ಇಬ್ಬರೇ. ಯಂತ್ರವೂ ಹೋದರೆ?

ಆಫೀಸಿನ ಕಂಪ್ಯೂಟರುಗಳನ್ನೆಲ್ಲ ಹೊಸದು ಮಾಡಲು ತಮ್ಮ ಹೊರಗಿನವನೊಬ್ಬನನ್ನು ಗೊತ್ತುಮಾಡಿದ. ನರೆತ ಮೀಸೆ, ಹೆಗಲ ಮೇಲೆ ವೈರಿನ ಸುರುಳಿ. ಅಕ್ಕ ಅವನಿಗೆ ತಂತಿಯಪ್ಪ ಎಂದು ಹೆಸರಿಟ್ಟಳು. ತಂತಿಯಪ್ಪ ಅವಳಿಗೆ ಎಲ್ಲವನ್ನೂ ಬಿಡಿಸಿ ಹೇಳಿದ: ಹಳೆ ಯಂತ್ರದಲ್ಲಿರುವುದೆಲ್ಲ ಇಂಟರ್‌ನೆಟ್ಟಿನಲ್ಲಿ ಎಲ್ಲೋ ದೂರದ ದೊಡ್ಡ ಕಂಪ್ಯೂಟರಿಗೆ ನಕಲಾಗುತ್ತದೆ, ಆಮೇಲೆ ಯಾರು ಎಲ್ಲಿ ಕೂತಾದರೂ ಕೆಲಸ ಮಾಡಬಹುದು. ಆದರೆ ಇಲ್ಲಿನ ಲೈನು ನಿಧಾನ, ನಕಲು ಮುಗಿಯಲು ಬಹಳ ದಿನ ಹಿಡಿಯುತ್ತದೆ, ಅಲ್ಲಿಯವರೆಗೆ ಇದನ್ನು ಆರಿಸಲೇಬಾರದು, ಆರಿಸಿದರೆ ಮತ್ತೆ ಮೊದಲಿನಿಂದ.

ಅಕ್ಕ ತಲೆಯಾಡಿಸಿದಳು. ಮಾರನೆಯ ದಿನದಿಂದ ಎಲ್ಲರೂ ಊಟಕ್ಕೆ ಕೂತ ಹೊತ್ತು ನೋಡಿ, ಒಳಗೆ ಹೋಗಿ ಯಂತ್ರ ಆರಿಸಿ ಮತ್ತೆ ಹಚ್ಚತೊಡಗಿದಳು. ನಕಲು ಮುಗಿಯುವ ಮಾತೇ ಇಲ್ಲ. ತಮ್ಮ ಮೈಪರಚಿಕೊಂಡ. ಅಕ್ಕ ಹಟ ಹಿಡಿದಿದ್ದಾಳೆ ಎಂದು ಆಫೀಸಿನವರು ನಗುತ್ತಿದ್ದರು. ಅಕ್ಕನೂ ಅವರ ಜೊತೆ ಸೇರಿ ನಗುತ್ತಿದ್ದಳು.

ತಂತಿಯಪ್ಪನಿಗೆ ಮಾತ್ರ ಗುಟ್ಟು ಹತ್ತಿತು. ಲೈನು ನೋಡುವ ನೆಪದಲ್ಲಿ ಒಳಗೆ ಬಂದು, ನೆಲದ ಮೇಲೆ ಕೂತು, ತಲೆಯೆತ್ತದೆ ಕೇಳಿದ.

“ಅಮ್ಮಾ, ಕರೆಂಟು ಹೋದ್ರೆ ಫ್ರಿಜ್ಜೂ ನಿಲ್ಬೇಕಲ್ವಾ, ಇವಳೊಬ್ಬಳೇ ಹೇಗೆ ಆರಿಹೋಗ್ತಾಳೆ?”

ಅಕ್ಕ ಸೆರಗಿನ ಅಂಚು ಹಿಂಡಿದಳು. “ಇದು ಮುಗಿದ್ಮೇಲೆ ಇವ್ರೆಲ್ಲ ಬರ್ತಾರೇನಪ್ಪಾ?”

ಬರುತ್ತಾರೆ ಎಂದುಬಿಡಬಹುದಿತ್ತು. ಅವನು ಹೇಳಲಿಲ್ಲ.

“ಬರೋ ಅಗತ್ಯ ಇರಲ್ಲಮ್ಮಾ. ಲೈನು ಕೆಟ್ಟಿದೆ ಅಂತ ನಿಮ್ಮ ತಮ್ಮನಿಗೆ ಇನ್ನೂ ಸ್ವಲ್ಪ ದಿನ ಹೇಳ್ತೀನಿ. ಅಷ್ಟೇ ನನ್ನ ಕೈಲಾಗೋದು.”

ಹಾಗೇ ಹೇಳಿದ ಕೂಡ. ಅಕ್ಕ ಇನ್ನೂ ಕೆಲವು ದಿನ ಗೆದ್ದಳು.

ಆಮೇಲೆ ಒಂದು ದಿನ ಊಟಕ್ಕೆ ಮೊದಲು, ಆಫೀಸಿನಲ್ಲಿ ನಕ್ಷೆ ಬರೆಯುವಾಕೆ ಲೋಟ ತೊಳೆಯಲು ಅಡುಗೆಮನೆಗೆ ಬಂದಳು. ಇಷ್ಟು ವರ್ಷ ಎಲ್ಲರ ಸುದ್ದಿ ಹೇಳಿ ತನ್ನದನ್ನು ಮಾತ್ರ ಹೇಳದವಳು, ಅಂದು ನಲ್ಲಿಯ ಕೆಳಗೆ ಕೈಯಿಟ್ಟುಕೊಂಡೇ ಬಾಯಿಬಿಟ್ಟಳು. ಅವಳ ತಾಯಿಗೆ ಮರೆವು. ಬೀದಿಗೆ ಹೋದರೆ ತಿರುಗಿ ಬರಲು ತಿಳಿಯುವುದಿಲ್ಲ.

“ದಿನಾ ಹೊರಗಡೆಯಿಂದ ಬೀಗ ಹಾಕ್ಕೊಂಡು ಬರ್ತೀನಿ ಅಕ್ಕಾ. ಬಸ್ ಹತ್ತೋವರೆಗೂ ಅಮ್ಮ ಬಾಗಿಲು ಬಡೀತಿರೋದು ಕಿವೀಲೇ ಇರುತ್ತೆ. ಈ ನಕಲೊಂದು ಮುಗಿದ್ರೆ ಮನೇಲೇ ಕೂತು ಕೆಲಸ ಮಾಡ್ಬಹುದು.”

ಆವತ್ತು ಎಲ್ಲರೂ ಊಟಕ್ಕೆ ಕೂತಾಗ ಅಕ್ಕನೂ ತಟ್ಟೆ ತಂದು ಅವರ ನಡುವೆ ಕೂತಳು, ಕೊನೆಯವನು ಕೈತೊಳೆಯುವವರೆಗೂ ಏಳಲಿಲ್ಲ. ಮರುದಿನವೂ ಹಾಗೇ, ಆಮೇಲಿನ ದಿನಗಳಲ್ಲೂ ಹಾಗೇ. ನಕಲು ಮುಗಿಯಿತು, ಗುಂಯ್ ಎನ್ನುವ ಅಕ್ಕನನ್ನು ತಂತಿಯಪ್ಪ ಆರಿಸಿ ಹೊತ್ತೊಯ್ದ.

ಎಲ್ಲರೂ ಕಾಲುಮುಟ್ಟಿ, ಬಂದುಹೋಗುತ್ತಿರುತ್ತೇವೆ ಎಂದರು. ಮೊದಮೊದಲು ಬಂದರು ಕೂಡ. ನಕ್ಷೆ ಬರೆಯುವಾಕೆ ಫೋನು ಮಾಡುತ್ತಿದ್ದಳು. ಅವಳ ಮಾತಿನ ಆಚೆ ತಾಯಿ ಏನೋ ಗೊಣಗುವುದು ಕೇಳಿಸುತ್ತಿತ್ತು, ಅಕ್ಕನಿಗೆ ಹಾಯೆನಿಸುತ್ತಿತ್ತು. ಫೋನಿಟ್ಟರೆ ಮತ್ತೆ ಮನೆ ಬಾವಿಯಂತೆ. ಮಾತು ಎಂಬುದು ಬಳಸದಿದ್ದರೆ ತುಕ್ಕು ಹಿಡಿಯುವ ಸಾಮಾನು. ಅಕ್ಕ ತರಕಾರಿಯವನ ಹತ್ತಿರ ಬೇಕೆಂದೇ ಚೌಕಾಸಿಗೆ ನಿಲ್ಲುತ್ತಿದ್ದಳು. ಅವನು ಅವಸರದವನು, ಕೇಳಿದ ಬೆಲೆಗೇ ಕೊಟ್ಟು ನಡೆದುಬಿಡುತ್ತಿದ್ದ.

ತಮ್ಮ ತನ್ನ ಮನೆಗೆ ಕರೆದ. ಅಲ್ಲಿ ಗಂಡಹೆಂಡಿರಿಬ್ಬರೂ ಕಿವಿಗೆ ಏನೋ ಸಿಕ್ಕಿಸಿಕೊಂಡು ಒಂದೊಂದು ಕೋಣೆಯಲ್ಲಿ ಬಾಗಿಲು ಹಾಕಿ ಕೂರುತ್ತಾರೆ. ಅಕ್ಕ ಒಲ್ಲೆನೆಂದಳು. ಮನೆ ಬಾಡಿಗೆಗೆ ಕೊಟ್ಟು, ಪೇಟೆಯಲ್ಲಿ ಹೊಲಿಗೆ ಅಂಗಡಿಯೊಂದರ ಮೇಲೆ ತನಗೊಂದು ಕೋಣೆ ನೋಡಿಕೊಂಡಳು. ಕೆಳಗೆ ಹೊಲಿಗೆ ಯಂತ್ರಗಳು ಕತ್ತಲಾಗುವವರೆಗೆ ಕಟಕಟ ಎನ್ನುತ್ತವೆ, ಸದ್ದಿನಲ್ಲಿ ಕಷ್ಟವಾದೀತು ಎಂದು ಕೋಣೆಯ ಮಾಲೀಕರೇ ಎಚ್ಚರಿಸಿದ್ದರು. ಅವಳು ಆ ಮಾತಿಗೇ ಒಪ್ಪಿದ್ದು.

ಹೊರಡುವ ದಿನ ವ್ಯಾನಿನವನು ಮಂಚ, ಪೆಟ್ಟಿಗೆ, ಪಾತ್ರೆಗಳನ್ನು ಏರಿಸಿ ಹಗ್ಗ ಬಿಗಿದ. ಅಕ್ಕ ಬಾಗಿಲೆಳೆದುಕೊಂಡು ಮೆಟ್ಟಿಲಿಳಿದು ಬಂದಳು.

“ಒಳಗೆ ಇನ್ನೇನಾದ್ರೂ ಇದೆಯಾಮ್ಮಾ?”

“ಯಾರೂ ಇಲ್ಲಪ್ಪ,” ಎಂದಳು ಅಕ್ಕ, ಮುಂದಿನ ಸೀಟಿನಲ್ಲಿ ಅವನ ಪಕ್ಕಕ್ಕೆ ಹತ್ತಿ ಕೂತು, ಹೊಲಿಗೆ ಅಂಗಡಿಯ ದಾರಿ ಹೇಳಲು ಶುರುಮಾಡಿದಳು.