ಅತ್ತೆಯ ಗಾಜಿಲ್ಲದ ವಾಚು

ನಿನ್ನೆ ದೇವರ ಗೂಡು ಒರೆಸುವಾಗ ನಮ್ಮತ್ತೆಯ ವಾಚಿನ ಸಣ್ಣ ಮುಳ್ಳು ಕಳಚಿ ಬಿತ್ತು. ಬಿದ್ದದ್ದು ವಿಭೂತಿ ಗಟ್ಟಿಯ ಮೇಲೆ, ಹಾಗಾಗಿ ಕೈಗೆ ಸಿಕ್ಕಿತು. ನೆಲಕ್ಕೆ ಬಿದ್ದಿದ್ದರೆ ಕಸದ ಜೊತೆ ಹೋಗುತ್ತಿತ್ತು. ಇಂಥದ್ದಕ್ಕೆಲ್ಲ ನಾನು ಮಾದಪ್ಪನಿಗೆ ಒಂದು ಸಲ ಕೈ ಮುಗಿಯುವವಳು. ಸೊಸೆ ನಗುತ್ತಾಳೆ: "ಸಾಸಿವೆ ಸಿಡಿದು ಕಣ್ಣಿಗೆ ಬೀಳದಿದ್ದರೂ ನಿಮಗೆ ಅದು ದೇವರ ದಯೆ." ಹೌದು, ಮತ್ತೆ ಯಾರ ದಯೆ?

ಆ ವಾಚಿಗೆ ಗಾಜಿಲ್ಲ. ನೋಡಿದವರೆಲ್ಲ ಒಡೆದುಹೋಗಿರಬೇಕು ಅಂದುಕೊಳ್ಳುತ್ತಾರೆ. ಒಡೆದಿಲ್ಲ. ಹತ್ತಿಯಲ್ಲಿ ಸುತ್ತಿ ಟ್ರಂಕಿನಲ್ಲಿ ಇಟ್ಟಿದ್ದೇನೆ, ಒಂದು ಗೀರೂ ಇಲ್ಲದ ಗಾಜು. ಅದು ಇರಬೇಕಾದ ಕಡೆ ಯಾಕಿಲ್ಲ ಅನ್ನುವುದನ್ನು ಹೇಳಬೇಕಾದರೆ ಬಹಳ ಹಿಂದಕ್ಕೆ ಹೋಗಬೇಕು. ನಿಮಗೆ ಪುರುಸೊತ್ತಿದ್ದರೆ ಕೇಳಿ.

ವಾಚು ನಮ್ಮ ಮಾವನವರದು. ನಮ್ಮ ಊರು ಕೊಳ್ಳೇಗಾಲ ಇನ್ನೂ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಾಗ, ಯಾವುದೋ ಜಮೀನಿನ ಕೆಲಸಕ್ಕೆ ಕೊಯಮತ್ತೂರಿಗೆ ಹೋದವರು ಕೈಗೆ ಕಟ್ಟಿಕೊಂಡು ಬಂದರಂತೆ. ನಾನು ಸತ್ತೇಗಾಲದಿಂದ ಸೊಸೆಯಾಗಿ ಬರುವ ಹೊತ್ತಿಗೆ ಅವರು ತೀರಿಕೊಂಡಿದ್ದರು, ಊರು ಮೈಸೂರಿಗೆ ಸೇರಿತ್ತು, ವಾಚು ಅತ್ತೆಯ ಕೈಗೆ ಬಂದಿತ್ತು. ಕೈಗೆ ಅಂದರೆ ಕಟ್ಟಿಕೊಳ್ಳುತ್ತಿರಲಿಲ್ಲ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಅದೇ ಮಡಿಯಲ್ಲಿ ವಾಚಿಗೆ ಕೀ ಕೊಟ್ಟು, ಗೂಡಿನಲ್ಲಿ ಇಡುತ್ತಿದ್ದರು. ನನಗೆ ಮುಟ್ಟಲು ಅಪ್ಪಣೆಯಿರಲಿಲ್ಲ. ನಾನು ಶಾಲೆಗೆ ಹೋಗಿ ಬಂದವಳೆಂಬ ಜಂಬದಲ್ಲಿದ್ದೆ. ಅತ್ತೆಗೆ ಅಕ್ಷರ ಬಾರದು. ಆದರೆ ವಾಚು ಬರುತ್ತಿತ್ತು. ಮಾವನವರು ಮೊರದಲ್ಲಿ ರಾಗಿ ಹರಡಿ, ಅದರಲ್ಲಿ ಬೆರಳಿನಿಂದ ಗುಂಡಗೆ ಗೀಚಿ ಕಲಿಸಿದ್ದರಂತೆ.

ಬೀದಿಯಲ್ಲಿ ಇನ್ನೊಂದು ಗಡಿಯಾರವಿರಲಿಲ್ಲ. ಬಸ್ಸಿಗೆ ಹೊರಟವರು, ಮಗುವಿಗೆ ಔಷಧಿ ಕುಡಿಸುವವರು, ಹುಡುಗಿ ನೋಡಲು ಹೋಗುವವರು, ಎಲ್ಲರೂ ನಮ್ಮ ಜಗಲಿಗೇ ಬರಬೇಕು. "ದೊಡ್ಡವ್ವೋ, ಗಂಟೆ ಎಷ್ಟಾಯ್ತು?" ಅತ್ತೆ ಕೇಳಿದ ತಕ್ಷಣ ಹೇಳುತ್ತಿರಲಿಲ್ಲ. ಸೆರಗಿಗೆ ಕೈ ಒರೆಸಿ, ಒಳಗೆ ಹೋಗಿ, ವಾಚು ತಂದು, ಒಮ್ಮೆ ನೋಡಿ, ಕೇಳಿದವರ ಮುಖವನ್ನೂ ಒಮ್ಮೆ ನೋಡಿ, ತೀರ್ಪು ಕೊಡುವವರ ಹಾಗೆ ಹೇಳುತ್ತಿದ್ದರು. ಒಬ್ಬೊಬ್ಬರಿಗೆ ಒಂದೊಂದು ಬಾಲವೂ ಇರುತ್ತಿತ್ತು: "ಹತ್ತಾಗದೆ ಕಣ್ಲಾ. ನಿನ್ನ ಬಸ್ಸು ಹೋಗಿ ನಿಮ್ಮತ್ತೆ ಮನೇಲಿ ಊಟಕ್ಕೆ ಕುಂತಿರ್ತದೆ, ಹೋಗು."

ಕೆಲವು ವರ್ಷ ಕಳೆದ ಮೇಲೆ ಅತ್ತೆ ಒಂದು ದೂರು ಶುರು ಮಾಡಿದರು. "ಮುಳ್ಳು ಸವೆದೋಗವೆ ಕನ ಮಗ. ಕರ್ರಗೆ ಕೂದ್ಲಂಗೆ ಆಗವೆ. ಹೊಸವು ಹಾಕ್ಸು." ನಮ್ಮ ಮನೆಯವರು ನೂಲಿನ ಅಂಗಡಿಯಲ್ಲಿ ಕೆಲಸಕ್ಕಿದ್ದರು. "ಕೊಡವ್ವ, ರಿಪೇರಿಯವನಿಗೆ ಕೊಟ್ಟು ತತ್ತೀನಿ" ಎಂದರೆ ಒಪ್ಪುತ್ತಿರಲಿಲ್ಲ. "ನಿಮ್ಮಪ್ಪ ಹೋದ ಮೇಲೆ ಅದು ಹೊಸ್ಲು ದಾಟಿಲ್ಲ. ದಾಟಾದೂ ಬ್ಯಾಡ." ಇವರು ಹಾಳೆಯ ಮೇಲೆ ಮುಳ್ಳಿನ ಅಳತೆ ಬರೆದುಕೊಂಡು, ನೂಲು ಕೊಡಲು ಮೈಸೂರಿಗೆ ಹೋದಾಗ ಮೂರು ಜೊತೆ ಮುಳ್ಳು ತಂದರು. ಯಾವುದಾದರೂ ಒಂದು ಜೊತೆ ಕೂರುತ್ತದೆ ಎಂದಿದ್ದನಂತೆ ಅಂಗಡಿಯವನು. ದಪ್ಪ ಮುಳ್ಳುಗಳು, ಮೇಲೆ ಹಾಲಿನ ಬಣ್ಣದ ರೇಡಿಯಂ.

ಅತ್ತೆಯ ಅಕ್ಕ ಅಗರದಲ್ಲಿದ್ದರು. ಅವರ ಕಣ್ಣು ಪೂರ್ತಿ ಹೋಗಿತ್ತು. ಮಕ್ಕಳು ಒಳ್ಳೆಯವರೇ, ಹೊತ್ತಿಗೆ ಸರಿಯಾಗಿ ಮುದ್ದೆ ತಂದು ಕೊಡುತ್ತಿದ್ದರು. ಆದರೆ ಆ ಮನೆಯಲ್ಲಿ ಆಕೆಯನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಉಪ್ಪು ಎಷ್ಟು ಹಾಕಲಿ ಅಂತಲೂ ಇಲ್ಲ. ನೋಡಿ ಬಂದ ದಿನ ಅತ್ತೆ ಕಾಲು ತೊಳೆಯುತ್ತಾ, "ಮೂಲೆಗೆ ಒನಕೆ ಒರಗ್ಸಿದಂಗೆ ಒರಗ್ಸವ್ರೆ" ಎಂದಿದ್ದರು. ಆ ಮಾತನ್ನು ನಾನು ಆಗ ಅಲ್ಲಿಗೇ ಬಿಟ್ಟಿದ್ದೆ.

ಮುಳ್ಳು ಹಾಕಲು ಭಾನುವಾರ ಮಧ್ಯಾಹ್ನ ಕೂತೆವು. ಸಂಜೆ ನಾಲ್ಕೂವರೆಗೆ ರಾಹುಕಾಲ. ಲಿಂಗ ಕಟ್ಟಿದವರಿಗೆ ರಾಹುಕಾಲವಿಲ್ಲ ಎಂದು ಸ್ವಾಮಿಗಳು ಹೇಳುತ್ತಾರೆ. ಅತ್ತೆ ಅದನ್ನು ಒಪ್ಪುತ್ತಿದ್ದರು. ಒಪ್ಪಿಕೊಂಡೇ ರಾಹುಕಾಲ ತಪ್ಪಿಸಿ ಕೆಲಸ ಮಾಡುತ್ತಿದ್ದರು. "ಅಷ್ಟರೊಳ್ಗೆ ಮುಗಿಸ್ಬುಡಿ" ಎಂದರು.

ಹಜಾರದಲ್ಲಿ ಬಿಳಿ ಪಂಚೆ ಹಾಸಿ, ಇವರು ಚಾಕುವಿನ ತುದಿಯಿಂದ ಗಾಜನ್ನು ಎಬ್ಬಿಸಿದರು. ಎರಡು ಸೂಜಿ ಕೊಟ್ಟು ಎರಡೂ ಕಡೆಯಿಂದ ಮೀಟಿ ಹಳೆಯ ಮುಳ್ಳುಗಳನ್ನು ತೆಗೆದರು. ಅಲ್ಲಿಯವರೆಗೆ ಸುಸೂತ್ರ. ಹೊಸ ಸಣ್ಣ ಮುಳ್ಳನ್ನು ಹಿಡಿಯಲು ಹೋದರೆ ಇವರ ಬೆರಳಿಗೆ ಸಿಗದು, ಸಿಕ್ಕರೆ ಬಿಡದು. ಮೊದಲ ಜೊತೆ ಸಡಿಲ, ಎರಡನೆಯದು ಬಿಗಿ. ನಾನು ಏನೋ ಹೇಳಲು ಬಾಯಿ ತೆರೆದೆ. "ಉಸುರು ಬುಡಬ್ಯಾಡ ಕಣೇ, ಹಾರೋಯ್ತದೆ!" ಎಂದು ಇವರು ಗದರಿದರು.

ಆಗ ನೆನಪಾಯಿತು ನಮ್ಮ ಬುದ್ಧಿವಂತಿಕೆ. ಬೀದಿಗೆಲ್ಲ ಇರುವುದೊಂದೇ ವಾಚು, ಅದನ್ನು ಬಿಚ್ಚಿ ಹರಡಿಕೊಂಡಿದ್ದೇವೆ. ಈಗ ನಾಲ್ಕೂವರೆ ಆಯಿತೋ ಇಲ್ಲವೋ ಯಾರನ್ನು ಕೇಳುವುದು? ಅಷ್ಟರಲ್ಲಿ ಎದುರು ಮನೆಯವಳು ಬಾಗಿಲಲ್ಲಿ ನಿಂತು, "ದೊಡ್ಡವ್ವ, ಗಂಟೆ ಎಷ್ಟು? ನಮ್ಮವ್ರು ಯಳಂದೂರಿಗೆ ಹೊರಟವ್ರೆ" ಎಂದಳು. ಇವರು ಪಂಚೆಯ ಮೇಲಿದ್ದ ಮುಳ್ಳುಗಳ ಕಡೆ ಕೈ ತೋರಿಸಿ, "ನೋಡ್ಕ ತಾಯಿ, ಎಲ್ಲಾ ಗಂಟೆನೂ ಇಲ್ಲೇ ಬಿದ್ದವೆ, ನಿಂಗೆ ಯಾವ್ದು ಬೇಕೋ ಎತ್ಕ" ಎಂದರು.

ಅತ್ತೆ ಎದ್ದು ಮನೆಯ ನಡುವಿನ ತೆರೆದ ತೊಟ್ಟಿಗೆ ಇಳಿದರು. ಅಲ್ಲಿ ಬಿಸಿಲು ಬೀಳುವ ಒಂದು ಚಪ್ಪಡಿ ಕಲ್ಲಿತ್ತು. ಬಿಸಿಲು ಕಲ್ಲಿನ ಯಾವ ಅಂಚಿನಲ್ಲಿದೆ ಎಂದು ನಾನು ಕೂತಲ್ಲಿಂದಲೇ ಕಾಣುತ್ತಿತ್ತು. ಅತ್ತೆ ಬಗ್ಗಿ ನೋಡಲಿಲ್ಲ. ಬರಿಗಾಲನ್ನು ಕಲ್ಲಿನ ಮೇಲೆ ಇಟ್ಟು, ಸ್ವಲ್ಪ ಸರಿಸಿ, ಮತ್ತೆ ಇಟ್ಟರು. ನೆರಳಾದ ಕಡೆ ಕಲ್ಲು ಎಷ್ಟು ತಣ್ಣಗಾಗಿದೆ ಎಂದು ಅಂಗಾಲಿನಿಂದ ನೋಡುತ್ತಿದ್ದರು. "ಇನ್ನೂ ಒಂದು ಸಲ ಎಲೆಯಡಿಕೆ ಹಾಕ್ಕಳಷ್ಟು ಹೊತ್ತದೆ. ಆಮೇಲೆ ನಾಕೂವರೆ" ಎಂದರು. ಆಗ ನನಗೆ ಹೊಳೆಯಿತು. ಸವೆದದ್ದು ಮುಳ್ಳಲ್ಲ.

ಅತ್ತೆ ಬಂದು ಕೂತು, "ಬೆಳ್ಳಲ್ಲಿ ಎತ್ತಬ್ಯಾಡ್ಲಾ. ಕಡ್ಡಿ ತುದೀಗೆ ಮೇಣ ಮುಟ್ಸಿ ಎತ್ತು" ಎಂದರು. ಕುಂಕುಮ ನಿಲ್ಲಲಿ ಎಂದು ಹಣೆಗೆ ಹಚ್ಚುತ್ತಿದ್ದೆವಲ್ಲ, ಆ ಮೇಣ. ನಾನು ನನ್ನ ಮೇಣದ ಕರಡಿಗೆ ತರಲು ಎದ್ದೆ. "ತಾಳು" ಎಂದು ಅವರೇ ಒಳಗೆ ಹೋದರು. ಟ್ರಂಕಿನ ತಳದಿಂದ ತಂದದ್ದು ಅವರದೇ ಕರಡಿಗೆ. ಮಾವನವರು ಹೋದ ಮೇಲೆ ಅದನ್ನು ಹೊರಗೆ ಕಂಡವರಿರಲಿಲ್ಲ. ಮುಚ್ಚಳ ತೆಗೆದು, ಮೂಗಿನ ಹತ್ತಿರ ಬಹಳ ಹೊತ್ತು ಹಿಡಿದುಕೊಂಡು, ಆಮೇಲೆ ಮಗನ ಕೈಗೆ ಕೊಟ್ಟರು.

ಮೇಣಕ್ಕೆ ಮುಳ್ಳು ಸಾಧುವಾಗಿ ಅಂಟಿತು. ಮೂರನೆಯ ಜೊತೆ ಸರಿಯಾಗಿ ಕೂತಿತು. ಸಣ್ಣದನ್ನೂ ದೊಡ್ಡದನ್ನೂ ಹನ್ನೆರಡರ ಮೇಲೆ ಒತ್ತಿ, ತಿರುಪು ತಿರುಗಿಸಿ ನಾಲ್ಕೂವರೆಗೆ ತಂದರು. ಅದೇ ಹೊತ್ತಿಗೆ ದಿನಾ ನಾಲ್ಕೂವರೆಗೆ ಹೋಗುವ ಹನೂರಿನ ಬಸ್ಸು ದೊಡ್ಡ ರಸ್ತೆಯಲ್ಲಿ ಹಾರ್ನ್ ಹೊಡೆಯಿತು. ಇವರು ಖುಷಿಯಿಂದ, "ನೋಡವ್ವ, ಈಗ ಕಾಣ್ತದಾ?" ಎಂದು ವಾಚನ್ನು ಕೊಟ್ಟರು.

ಅತ್ತೆ ಎತ್ತಿ ಹಿಡಿದರು. "ಓ, ನಾಕೂವರೆ. ಈಗ ಚೆಂದಾಗಿ ಕಾಣ್ತದೆ."

ವಾಚನ್ನು ತಲೆಕೆಳಗಾಗಿ ಹಿಡಿದಿದ್ದರು.

ಇವರು ಬಾಯಿ ತೆರೆದರು. ನಾನು ಇವರ ತೊಡೆಗೆ ಚಿವುಟಿದೆ. ಅತ್ತೆಯ ಮುಖದಲ್ಲಿ ಗೆದ್ದ ನಗು ಇನ್ನೂ ಇತ್ತು. ಹಾಗಿರುವಾಗಲೇ ಅವರ ಹೆಬ್ಬೆರಳು ಜಾರಿ ಮುಳ್ಳಿನ ಮೇಲೆ ಹೋಯಿತು. ನಿಂತಿತು. ದಪ್ಪ ಮುಳ್ಳು ಕೈಗೆ ಸಿಕ್ಕಿತ್ತು. ಬೆರಳು ಮೆಲ್ಲಗೆ ಒಂದರಿಂದ ಇನ್ನೊಂದಕ್ಕೆ ಹೋಯಿತು, ಆಮೇಲೆ ಕೀ ಕೊಡುವ ತಿರುಪಿಗೆ ಹೋಯಿತು. ಅತ್ತೆ ಏನೂ ಆಗದವರ ಹಾಗೆ ವಾಚನ್ನು ತಿರುಗಿಸಿ ನೆಟ್ಟಗೆ ಹಿಡಿದರು.

ಇವರು ಗಾಜಿಗೆ ಕೈ ಹಾಕಿದರು. "ಹಾಕಬೇಡಿ" ಎಂದೆ, "ಗಾಜು ಬಿರುಕು ಬಿಟ್ಟಿದೆ."

"ಎಲ್ಲಿ ಬಿರುಕು?"

"ಅಲ್ಲೇ ಇದೆಯಲ್ಲ, ನೋಡಿ."

"ನಂಗೇನ್ ಕಣ್ಣಿಲ್ವಾ? ಎಲ್ಲಿದ್ದದು?"

ಎರಡನೆಯ ಸಲ ಚಿವುಟಿದ ಮೇಲೆ ಬಿರುಕು ಇವರಿಗೂ ಕಾಣಿಸಿತು.

ಆ ಸಂಜೆ ದೀಪ ಹಚ್ಚುವಾಗ ಅತ್ತೆ ಹಿಂದೆ ಬಂದು ನಿಂತರು. "ಗಾಜು ಬಿರುಕು ಬಿಟ್ಟಿತ್ತಾ ಮಗ?"

"ಹೌದು ಅತ್ತೆ."

"ಬುಡು. ಒಳ್ಳೇದೇ ಆಯ್ತು" ಎಂದು ನನ್ನ ಬೆನ್ನಿನ ಮೇಲೆ ಒಂದು ಗಳಿಗೆ ಕೈ ಇಟ್ಟು ಹೋದರು. ಆ ಮಾತು ಮತ್ತೆ ಯಾವತ್ತೂ ನಮ್ಮಿಬ್ಬರ ನಡುವೆ ಬರಲಿಲ್ಲ.

ಅವರು ಇರುವವರೆಗೆ ಬೀದಿಗೆ ಗಂಟೆ ಹೇಳಿದರು. ಬೆರಳು ತಾಗಿ ಮುಳ್ಳು ಅಷ್ಟಿಷ್ಟು ಹಿಂದೆ ಮುಂದೆ ಆಗುತ್ತಿತ್ತು. ಬೀದಿಯೂ ಅವರ ಜೊತೆ ಅಷ್ಟಿಷ್ಟು ಹಿಂದೆ ಮುಂದೆ ಬದುಕಿತು. ಯಾರದ್ದೂ ಏನೂ ಕೆಡಲಿಲ್ಲ. ಅವರನ್ನು ಯಾರೂ ಮೂಲೆಗೆ ಒರಗಿಸಲಿಲ್ಲ. ಮಾದಪ್ಪ ದೊಡ್ಡವನು.

ನಿನ್ನೆ ಮುಳ್ಳು ಎತ್ತಲು ಅತ್ತೆಯ ಕರಡಿಗೆ ತೆಗೆದೆ. ಮೇಣ ಕಲ್ಲಾಗಿತ್ತು. ಪಕ್ಕದಲ್ಲಿ ನನ್ನದಿತ್ತು. ಇವರು ಹೋದ ಮೇಲೆ ನಾನೂ ಅದನ್ನು ತೆರೆದಿರಲಿಲ್ಲ. ಮುಚ್ಚಳ ತೆಗೆದೆ. ಅತ್ತೆ ಅಂದು ಅಷ್ಟು ಹೊತ್ತು ಅದನ್ನು ಮೂಗಿಗೆ ಯಾಕೆ ಹಿಡಿದುಕೊಂಡಿದ್ದರು ಎಂದು ತಿಳಿಯಿತು. ಬೆಂಕಿಕಡ್ಡಿಗೆ ಮೇಣ ಮುಟ್ಟಿಸಿ ಸೊಸೆಯ ಕೈಗೆ ಕೊಟ್ಟು, ಹೇಗೆ ಮಾಡಬೇಕೆಂದು ಬಾಯಲ್ಲಿ ಹೇಳಿದೆ. ನನಗೂ ಈಚೆಗೆ ಗೋಡೆಯ ಗಡಿಯಾರ ಮಂಜು ಮಂಜು. ಮನೆಯಲ್ಲಿ ಹೇಳಿಲ್ಲ, ನಿಮಗೆ ಹೇಳುತ್ತಿದ್ದೇನೆ.

ಸೊಸೆ ಮುಳ್ಳು ಕೂರಿಸಿ, ಹತ್ತಿ ಬಿಚ್ಚಿ ಗಾಜನ್ನು ಎತ್ತಿಕೊಂಡಳು. "ಇದನ್ನೂ ಹಾಕಿಬಿಡಲಾ ಅತ್ತೆ? ಧೂಳು ಕೂರುತ್ತೆ."

"ಬೇಡ ಕಣವ್ವ. ಬಿರುಕು ಬಿಟ್ಟಿದೆ" ಎಂದೆ.

ಅವಳು ಗಾಜನ್ನು ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ವಾಚಿನ ಮುಳ್ಳಿನ ಮೇಲಿದ್ದ ನನ್ನ ಬೆರಳನ್ನು ನೋಡಿದಳು.

"ಹೌದು ಅತ್ತೆ, ಬಿಟ್ಟಿದೆ" ಎಂದು ಗಾಜನ್ನು ಮತ್ತೆ ಹತ್ತಿಯಲ್ಲಿ ಸುತ್ತಿದಳು.