ಗಂಗಕ್ಕನ ಅಹವಾಲು

ಗಂಗಕ್ಕ ಹೇಳಿದ್ದನ್ನು ನಾನು ತಿರುಚಿ ಹೇಳಿದೆ. ಬೇಕೆಂದೇ. ನಗು ಗಿಟ್ಟಿಸಲು. ಮೂರು ವರ್ಷವಾಯಿತು. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಇದನ್ನೂ ತಮಾಷೆ ಮಾಡಿಬಿಡುತ್ತೇನೆ — ನನ್ನ ಚಾಳಿಯೇ ಅದು. ಅಪ್ಪನ ಸೀನು, ಜಿಪಿ ಡಾಕ್ಟರರ ಗೊಣಗು, ನನ್ನದೇ ಬಾತುಕೋಳಿ ನಡಿಗೆ — ಯಾವುದನ್ನೂ ಅಣಕಿಸದೆ ಬಿಟ್ಟವನಲ್ಲ.

ಲಂಡನ್ನಿನ ಹ್ಯಾರೋದ ನಮ್ಮ ಬೀದಿಯ ಹಾಲ್‌ನಲ್ಲಿ ಹಳೆಯ ಚೀನಾದ ಬಗ್ಗೆ ಒಂದು ಪ್ರದರ್ಶನ. ನಡುವೆ ರಟ್ಟಿನ ಯಾಮೆನ್ — ಸಾಮ್ರಾಟರ ಕಾಲದ ಜಿಲ್ಲಾಧಿಕಾರಿಯ ಕಚೇರಿ. ಮುಂದೆ ನ್ಯಾಯದ ಚಾವಡಿ, ಹಿಂದೆ ಅವನ ಸಂಸಾರ. ಬಾಗಿಲಲ್ಲಿ ನಗಾರಿ, ಅಹವಾಲಿದ್ದವರು ಬಾರಿಸಬೇಕು. ಅಧಿಕಾರಿಯನ್ನು ಪರಪ್ರಾಂತದಿಂದಲೇ ತರುತ್ತಿದ್ದರಂತೆ. ಊರಿನ ಮಾತು ಅವನಿಗೆ ತಿಳಿಯದು, ಗುಮಾಸ್ತ ಹೇಳಿದ್ದೇ ಅಹವಾಲು. ಅಂದು ಆ ಕುರ್ಚಿಯಲ್ಲಿ ಕನ್ನಡದ ಗಂಧವಿಲ್ಲದ ನಮ್ಮ ಕೌನ್ಸಿಲರ್. ಗುಮಾಸ್ತ ನಾನು.

ನಮ್ಮ ಪಕ್ಕದ, ಕೌನ್ಸಿಲ್ ಅಂದರೆ ಇಲ್ಲಿನ ನಗರಸಭೆ ಬಾಡಿಗೆಗೆ ಕೊಟ್ಟ ಫ್ಲ್ಯಾಟಿನ ಗಂಗಕ್ಕ, ವಿಜಯಪುರದವರು, ನಗಾರಿ ಬಾರಿಸಿದರು. ಆಟಕ್ಕಲ್ಲ.

"ಸಾಹೇಬರ ಮುಂದ ಹೇಳಪಾ. ಮಲಗೂ ಖೋಲಿ ಗ್ವಾಡಿ ಬೂಷ್ಟ ಹಿಡದು ಕರ್ರಗಾಗ್ಯದ. ನಮ್ಮ ಮನಿಯವ್ರಿಗೆ ದಮ್ಮ ಹತ್ತತದ. ಎರಡ ಸಲ ಬರದೇವಿ, ಯಾರೂ ಬಂದಿಲ್ಲ."

ನಾನು ಅವರದೇ ಧಾಟಿಯಲ್ಲಿ, ಅವರಂತೆಯೇ ಸೆರಗು ಜಗ್ಗಿ, ಇಂಗ್ಲಿಷಿನಲ್ಲಿ ಹೇಳಿದ್ದು: ಗೋಡೆಗೆ ಗಡ್ಡ ಬೆಳೆದಿದೆಯಂತೆ, ಪ್ರಭುಗಳು ಬಾರ್ಬರನ್ನು ಕಳಿಸಬೇಕಂತೆ. ಜನ ಬಿದ್ದು ಬಿದ್ದು ನಕ್ಕರು. ಕೌನ್ಸಿಲರ್ ಕಣ್ಣೊರೆಸಿಕೊಂಡು, ಒಂದು ಹಾಳೆಗೆ ಆಟದ ಕೆಂಪು ಮೊಹರು ಒತ್ತಿ ಕೊಟ್ಟರು. ಗಂಗಕ್ಕ ಅದನ್ನು ಕಣ್ಣಿಗೊತ್ತಿಕೊಂಡರು. ಆಗಲಾದರೂ ನಿಜ ಹೇಳಬಹುದಿತ್ತು — ಇಲ್ಲ. ನಾನು ಬಾಗಿ ಬಾಗಿ ಚಪ್ಪಾಳೆ ಸ್ವೀಕರಿಸುತ್ತಿದ್ದೆ.

ನಾಲ್ಕು ತಿಂಗಳ ಮೇಲೆ ಅಮ್ಮ ಕಳಿಸಿದ ಉಂಡೆ ಡಬ್ಬಿ ಹಿಡಿದು ಅವರ ಮನೆಗೆ ಹೋದೆ. ಒಳಗೆಲ್ಲ ಒದ್ದೆ ಸಾಕ್ಸಿನ ನಾತ. ಗೋಡೆ ಕಿಟಕಿಯವರೆಗೂ ಕಪ್ಪು. ಅದರ ಪಕ್ಕದಲ್ಲೇ, ಪ್ಲಾಸ್ಟಿಕ್ ಚೀಲದೊಳಗೆ ತೂಗುಹಾಕಿದ ಆ ಹಾಳೆ — ಕೌನ್ಸಿಲಿನವರು ಬಂದರೆ ತೋರಿಸಲು. ಅದನ್ನು ನಂಬಿ ಅವರು ಕೌನ್ಸಿಲಿಗೆ ಮತ್ತೆ ಬರೆದೇ ಇರಲಿಲ್ಲ. ಯಜಮಾನರು ಕೂತೇ ನಿದ್ದೆ ಹೋಗಿದ್ದರು. ಎದೆ ಶಿಳ್ಳೆ ಹಾಕುತ್ತಿತ್ತು. ಆ ಶಿಳ್ಳೆಯನ್ನೂ ನನ್ನ ಗಂಟಲು ಒಳಗೊಳಗೇ ಅಣಕಿಸಲು ನೋಡಿತು. ಥೂ, ಎಂಥ ಗಂಟಲಪ್ಪ ಇದು.

ಎಲ್ಲ ಹೇಳಿದೆ. ಗಂಗಕ್ಕ ಬೈಯಲಿಲ್ಲ. ಹಾಳೆಯನ್ನು ಕೆಳಗಿಳಿಸಿದರು, ಅಷ್ಟೇ.

"ಈಗ್ಲೇ ಫೋನ್ ಮಾಡ್ತೀನಿ ಗಂಗಕ್ಕ. ನೀವು ಹೇಳ್ದಂಗೇ ಹೇಳ್ತೀನಿ."

"ಬ್ಯಾಡಪಾ. ಸಂಜೀಕ ಮಮ್ಮಗಳು ಬರ್ತಾಳ. ಆಕಿಗೆ ನನ್ನ ಮಾತು ಅರ್ಧಾನ ತಿಳೀತದ. ತಿಳಿದಷ್ಟು ಖರೇ ಹೇಳ್ತಾಳ."